ಕುಲಕರ್ಣಿ ಎಂಬ ಅಡ್ಡಹೆಸರು, ಧಾರವಾಡದ ಪುಸ್ತಕಗಳು

ಲೇಖಕರ ಅಡ್ಡಹೆಸರಿನ ಪ್ರಕಾರ ಪುಸ್ತಕ ಜೋಡಿಸುವ ಗ್ರಂಥಾಲಯದ ಪದ್ಧತಿಯನ್ನು ಧಾರವಾಡ ಸೀಮೆಯ ಸಾಹಿತ್ಯಕ್ಕೆ ಹಚ್ಚಿ ನೋಡಿದರೆ, 'ಕುಲಕರ್ಣಿ' ಎಂಬಲ್ಲಿ ಒಂದಕ್ಕೊಂದು ನಂಟಿಲ್ಲದ ಪುಸ್ತಕಗಳ ಸಾಲೊಂದು ನಿಲ್ಲುತ್ತದೆ. ವಿಜಯನಗರದ ಹುಟ್ಟನ್ನೂ ಪತನವನ್ನೂ ಕಥೆಯಾಗಿಸಿದ 'ಮಾಧವ ಕರುಣಾವಿಲಾಸ', 'ಕನ್ನಡಿಗರ ಕರ್ಮಕಥೆ' ಅಲ್ಲಿರುತ್ತವೆ. ಒಂದು ಹಳ್ಳಿ ತನ್ನೊಳಗಿನ ಜಗಳಗಳಿಂದಲೇ ಕುಸಿದುಹೋಗುವುದನ್ನು ಹೇಳುವ 'ಗ್ರಾಮಾಯಣ' ಇರುತ್ತದೆ. 'ಸಾವಿನ ಉಡಿಯಲ್ಲಿ' ಎಂಬ ಕಾದಂಬರಿ ಇರುತ್ತದೆ. ಇವುಗಳ ಮಗ್ಗುಲಿಗೇ 'ಕಾಜಳಮಾಯಾ', 'ಪಿಂಗಳಾವೇಳ' ಎಂಬ ಮರಾಠಿ ಕಥಾಸಂಕಲನಗಳೂ ಬಂದು ಕೂಡುತ್ತವೆ. ಆದರೆ ಕನ್ನಡದ ಓದುಗರಾಗಲಿ ಮರಾಠಿಯ ಓದುಗರಾಗಲಿ ಇವನ್ನು ಆ ಹೆಸರಿನ ಕೆಳಗೆ ಹುಡುಕುವವರಲ್ಲ. ಅವರಿಗೆ ಗೊತ್ತಿರುವ ಹೆಸರುಗಳು ಗಳಗನಾಥ, ರಾವಬಹಾದ್ದೂರ, ಎನ್ಕೆ, ಜೀಎ. ನಾಲ್ವರೂ ಕುಲಕರ್ಣಿಗಳು, ನಾಲ್ವರಲ್ಲಿ ಒಬ್ಬರೂ ಕುಲಕರ್ಣಿ ಎಂದು ಪ್ರಸಿದ್ಧರಾದವರಲ್ಲ. ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡುವಂತಿಲ್ಲ. ಲೇಖಣಿ ಈ ಮನೆತನಗಳ ಕೈಗೆ ಬಂದದ್ದಕ್ಕೂ, ಆ ಲೇಖಣಿಯಿಂದ ಪುಸ್ತಕ ಬರೆಯಲು ಕುಳಿತಾಗ ಮನೆತನದ ಹೆಸರು ಹಿಂದೆ ಸರಿದದ್ದಕ್ಕೂ ಕಾರಣ ಒಂದೇ ಎಂಬುದು ನನ್ನ ವಾದ. ಆ ಕಾರಣವನ್ನು ಕಾವ್ಯಮೀಮಾಂಸೆಯಲ್ಲಿ ಹುಡುಕಿದರೆ ಸಿಗದು, ಕಂದಾಯದ ಇತಿಹಾಸದಲ್ಲಿ ಹುಡುಕಬೇಕು.

ಮುಂಬಯಿ ಕರ್ನಾಟಕದ ಹಳ್ಳಿಯ ಆಡಳಿತ ಇಬ್ಬರ ಮೇಲೆ ನಿಂತಿತ್ತು. ಗೌಡ, ಅಂದರೆ ಪಾಟೀಲ, ಊರಿನ ಮುಖ್ಯಸ್ಥ. ಕಂದಾಯ ವಸೂಲಿಗೂ ಊರಿನ ಶಾಂತಿಗೂ ಅವನೇ ಹೊಣೆ. ಕುಲಕರ್ಣಿ ಊರಿನ ಲೆಕ್ಕ ಬರೆಯುವವನು. ಯಾವ ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಬಿತ್ತಿದ್ದಾರೆ, ಎಷ್ಟು ಸಂದಾಯವಾಗಿದೆ, ಎಷ್ಟು ಬಾಕಿ ಉಳಿದಿದೆ, ಯಾವ ಇನಾಮು ಯಾರಿಗೆ ಸೇರಿದ್ದು ಎಂಬುದೆಲ್ಲ ಅವನ ದಫ್ತರದಲ್ಲಿ ಇರುತ್ತಿತ್ತು. ಇವರ ಮೇಲೆ ಪರಗಣೆಯ ಮಟ್ಟದಲ್ಲಿ ದೇಸಾಯಿ ಮತ್ತು ದೇಶಪಾಂಡೆ ಎಂಬ ಇನ್ನೊಂದು ಜೋಡಿ. ಅಲ್ಲಿಯೂ ಒಬ್ಬ ಅಧಿಕಾರ ನಡೆಸುವವನು, ಇನ್ನೊಬ್ಬ ಲೆಕ್ಕ ಇಡುವವನು. ಈ ಹುದ್ದೆಗಳೆಲ್ಲ ವಂಶಪಾರಂಪರ್ಯದ ವತನಗಳು. ದುಡಿಮೆಗೆ ಪ್ರತಿಫಲವಾಗಿ ಭೂಮಿ, ಹಕ್ಕು, ಮಾನ ಸಿಗುತ್ತಿದ್ದವು. ಪೇಶ್ವೆಯರ ಕಾಲದಲ್ಲಿ ದಫ್ತರದ ಭಾಷೆ ಮರಾಠಿ, ಲಿಪಿ ಮೋಡಿ. ಹೀಗಾಗಿ ಮನೆಯಲ್ಲಿ, ಓಣಿಯಲ್ಲಿ ಕನ್ನಡ ಮಾತಾಡುವ ಕುಲಕರ್ಣಿ ಚಾವಡಿಯಲ್ಲಿ ಕುಳಿತು ಮರಾಠಿ ಬರೆಯುತ್ತಿದ್ದ. ಆಡುವುದು ಒಂದು, ಬರೆಯುವುದು ಇನ್ನೊಂದು ಎಂಬ ಈ ಎರಡು ಭಾಷೆಗಳ ಬಾಳು ಮುಂದೆ ಅವನ ಮೊಮ್ಮಕ್ಕಳ ಪುಸ್ತಕಗಳಲ್ಲಿ ಬೇರೆಬೇರೆ ರೀತಿಯಲ್ಲಿ ಹೊರಬಂತು.

ಬ್ರಿಟಿಷರು 1818ರಲ್ಲಿ ಈ ಸೀಮೆಯನ್ನು ವಶಪಡಿಸಿಕೊಂಡ ಮೇಲೂ ಹಳ್ಳಿಯ ಜೋಡಿಯನ್ನು ಕೈಬಿಡಲಿಲ್ಲ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಹೊಲಗಳ ಮೋಜಣಿ ನಡೆದು ಒಬ್ಬೊಬ್ಬ ರೈತನ ಹೆಸರಿನಲ್ಲೂ ಕಂದಾಯ ನಿಗದಿಯಾದಾಗ ಬರವಣಿಗೆಯ ಕೆಲಸ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆದರೆ ಹುದ್ದೆ ಒಂದು, ವಾರಸುದಾರರು ಹಲವರು. ತಲೆಮಾರು ಕಳೆದಂತೆ ಒಂದು ಊರಿನ ಕುಲಕರ್ಣಿಕಿ ನಾಲ್ಕಾರು ಮನೆಗಳಿಗೆ ಹಂಚಿಹೋಗಿ, ಭಾವಬಂದಕಿಯ, ಅಂದರೆ ದಾಯಾದಿಗಳ, ವ್ಯಾಜ್ಯಗಳು ಕಚೇರಿಗೆ ಏರಿದವು. 1874ರಲ್ಲಿ ಮುಂಬಯಿ ಸರಕಾರ ವಂಶಪಾರಂಪರ್ಯದ ಹುದ್ದೆಗಳ ಕಾಯಿದೆಯನ್ನು ತಂದು, ಭಾಗಿದಾರರಲ್ಲಿ ಪ್ರತಿನಿಧಿ ವತನದಾರರು ಯಾರು, ಯಾರು ಯಾವ ಸರದಿಯಲ್ಲಿ ಕೆಲಸ ಮಾಡಬೇಕು ಎಂಬುದನ್ನು ದಾಖಲೆ ಮಾಡಿಸಿತು. ಇಲ್ಲಿ ನಮ್ಮ ಕಥೆಗೆ ಬೇಕಾದ ಒಂದು ಸಂಗತಿ ಅಡಗಿದೆ. ಹೆಸರು ಎಲ್ಲ ಮಕ್ಕಳಿಗೂ ಬಂತು, ಓದುಬರಹದ ರೂಢಿಯೂ ಎಲ್ಲರಿಗೂ ಬಂತು, ಹುದ್ದೆ ಮಾತ್ರ ಒಬ್ಬನಿಗೇ ದಕ್ಕಿತು. ಉಳಿದವರು ಅಕ್ಷರ ಬಲ್ಲವರು, ಕೆಲಸವಿಲ್ಲದವರು. ಅವರು ಹೋದ ದಾರಿ ಧಾರವಾಡದ್ದು. ಅಲ್ಲಿ ಶಾಲಾ ಮಾಸ್ತರರನ್ನು ತಯಾರು ಮಾಡುವ ಟ್ರೇನಿಂಗ್ ಕಾಲೇಜು ಇತ್ತು, ಹೈಸ್ಕೂಲುಗಳಿದ್ದವು, ಕಚೇರಿಗಳಿದ್ದವು, ಮುಂದೆ ಛಾಪಖಾನೆಗಳೂ ಬಂದವು. ಉತ್ತರ ಕರ್ನಾಟಕದ ಹೊಸ ಸಾಹಿತ್ಯದ ಮೊದಲ ತಲೆಮಾರಿನಲ್ಲಿ ಶಾಲಾ ಶಿಕ್ಷಕರು ಅಷ್ಟೊಂದು ಮಂದಿ ಕಾಣುವುದಕ್ಕೆ ಇದೂ ಒಂದು ಕಾರಣ.

ವೆಂಕಟೇಶ ತಿರಕೋ ಕುಲಕರ್ಣಿಯವರು ಈ ದಾರಿಯಲ್ಲಿ ಬಂದವರು. ಹುಟ್ಟಿದ್ದು 1869ರಲ್ಲಿ, ಹಾವೇರಿ ಸೀಮೆಯಲ್ಲಿ ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ. ಊರಿನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡರು. ಧಾರವಾಡದಲ್ಲಿ ಕಲಿತು ಮಾಸ್ತರಿಕೆ ಮಾಡಿದರು. ಅವರ 'ಪ್ರಬುದ್ಧ ಪದ್ಮನಯನೆ' ಕಾದಂಬರಿಗೆ ಬಹುಮಾನ ಕೊಟ್ಟದ್ದು ಕರ್ನಾಟಕ ವಿದ್ಯಾವರ್ಧಕ ಸಂಘ. ಆ ಸಂಘವನ್ನು 1890ರಲ್ಲಿ ಕಟ್ಟಿದವರು ರಾ.ಹ. ದೇಶಪಾಂಡೆ. ಪರಗಣೆಯ ಲೆಕ್ಕಿಗರ ಹೆಸರು ಹೊತ್ತವರೊಬ್ಬರು ಕನ್ನಡಕ್ಕಾಗಿ ಸಂಸ್ಥೆ ಕಟ್ಟಿ, ಹಳ್ಳಿಯ ಲೆಕ್ಕಿಗರ ಹೆಸರು ಹೊತ್ತವರೊಬ್ಬರಿಗೆ ಬಹುಮಾನ ಕೊಟ್ಟರು ಎಂಬುದನ್ನು ಗಮನಿಸಬೇಕು. ಮೋಡಿ ಲಿಪಿಯ ಮರಾಠಿಯಲ್ಲಿ ತಲೆಮಾರುಗಳ ಕಾಲ ಲೆಕ್ಕ ಬರೆದ ವರ್ಗವೇ ಶಾಲೆ, ಕಚೇರಿಗಳಲ್ಲಿ ಮರಾಠಿಯ ಹಿಡಿತದ ವಿರುದ್ಧ ಕನ್ನಡವನ್ನು ಎತ್ತಿ ನಿಲ್ಲಿಸಿತು. ಗಳಗನಾಥರು ಮರಾಠಿಯನ್ನು ದೂಡಲಿಲ್ಲ, ಅದರಿಂದ ಪಡೆದರು. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 'ಕನ್ನಡಿಗರ ಕರ್ಮಕಥೆ'ಯ ಹಿಂದೆ ಇರುವುದು ಆಪಟೆಯವರ 'ವಜ್ರಾಘಾತ'. 'ಮಾಧವ ಕರುಣಾವಿಲಾಸ'ದಂಥ ಸ್ವಂತ ಕೃತಿಯಲ್ಲಿ ಅದೇ ಬಗೆಯ ಐತಿಹಾಸಿಕ ಕಾದಂಬರಿ ಕನ್ನಡದ ನೆಲದಲ್ಲಿ ಬೇರೂರಿತು. 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ನಡೆಸಿದರು. ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಹಳ್ಳಿಗೆ ಕಾಗದ ಎಂದರೆ ಬಾಕಿಯ ಕಾಗದ, ಜಪ್ತಿಯ ಕಾಗದ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಕುಲಕರ್ಣಿ ಮನೆತನದವರೊಬ್ಬರು ಅದೇ ಹಳ್ಳಿಗೆ ಕಥೆಯ ಕಾಗದ ಹೊತ್ತು ಹೋದರು. ಕನ್ನಡದ ಓದುಗವರ್ಗ ಹುಟ್ಟಿದ ಬಗೆಯನ್ನು ಹೇಳುವಾಗ ಇದಕ್ಕಿಂತ ದೊಡ್ಡ ಸಂಗತಿಯನ್ನು ಉತ್ತರ ಕರ್ನಾಟಕದಲ್ಲಿ ನಾನು ಕಾಣೆ.

ರಾವಬಹಾದ್ದೂರರ 'ಗ್ರಾಮಾಯಣ' ಬಂದದ್ದು 1957ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಈ ಕಾಲವನ್ನು ಇನ್ನೊಂದು ಕಾಲದ ಪಕ್ಕ ಇಟ್ಟು ನೋಡಬೇಕು. ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸುವ ಮುಂಬಯಿ ಕಾಯಿದೆ 1950ರದು. ಅದು ಜಾರಿಗೆ ಬಂದದ್ದು 1951ರಲ್ಲಿ. ಅಂದರೆ ಊರಿನ ದಫ್ತರವನ್ನು ವಂಶವಾಗಿ ಹಿಡಿದವರ ಕಾಲ ಕಾಯಿದೆಯ ಮಾತಿನಲ್ಲಿ ಮುಗಿದು ಆರೇಳು ವರ್ಷಕ್ಕೆ, ರಾವಬಹಾದ್ದೂರರು, ಅಂದರೆ ಆರ್.ಬಿ. ಕುಲಕರ್ಣಿಯವರು, ಒಂದು ಹಳ್ಳಿಯ ಸಮಗ್ರ ಕಥೆಯನ್ನು ಕನ್ನಡಕ್ಕೆ ಕೊಟ್ಟರು. ಆ ಕಾದಂಬರಿಗೆ ಒಬ್ಬ ನಾಯಕನಿಲ್ಲ, ಊರೇ ನಾಯಕ. ಮನೆಮನೆಯ ಹಗೆತನ, ಆಸೆ, ಮೋಸ, ಭಕ್ತಿ, ಸೋಲುಗಳು ಒಂದರೊಳಗೊಂದು ಹೆಣೆದು ಊರು ಹಾಳಾಗುವವರೆಗೆ ಬೆಳೆಯುತ್ತವೆ. ಊರಿನ ಪ್ರತಿ ಮನೆಯನ್ನೂ ಎಣಿಕೆಗೆ ತೆಗೆದುಕೊಳ್ಳುವ ಈ ದೃಷ್ಟಿಯನ್ನು ಓದುವಾಗ ದಫ್ತರದ ನೆನಪು ಬಾರದಿರದು. ವ್ಯತ್ಯಾಸ ಎಲ್ಲಿದೆಯೆಂದರೆ, ದಫ್ತರಕ್ಕೆ ಹೊಲ ಗೊತ್ತು, ಹೊಲದ ಒಡೆಯನ ಸಂಕಟ ಗೊತ್ತಿಲ್ಲ. ಬಾಕಿ ಎಂದು ಬರೆದ ಅಂಕಿಯ ಹಿಂದೆ ಏನು ನಡೆಯಿತು ಎಂಬುದಕ್ಕೆ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮು ಇಲ್ಲ. ಆ ಭಾಗವನ್ನು ಕಾದಂಬರಿ ತುಂಬಿತು. ಹುದ್ದೆಯಿಂದ ಕೃತಿ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹುಟ್ಟುವುದಾಗಿದ್ದರೆ ಪ್ರತಿ ಊರಿಗೂ ಒಂದು 'ಗ್ರಾಮಾಯಣ' ಇರುತ್ತಿತ್ತು. ಆದರೆ ಊರನ್ನು ಒಳಗಿನಿಂದಲೂ ದಾಖಲೆಯ ಎತ್ತರದಿಂದಲೂ ಏಕಕಾಲಕ್ಕೆ ನೋಡಬಲ್ಲ ನೆಲೆ ಆ ವರ್ಗಕ್ಕೆ ಇತ್ತು, ಅದನ್ನು ಬಳಸಿಕೊಳ್ಳಬಲ್ಲ ಪ್ರತಿಭೆ ರಾವಬಹಾದ್ದೂರರಿಗೆ ಇತ್ತು.

ಎನ್ಕೆಯವರದು ಪಟ್ಟಣದ ಲೋಕ. ಎನ್.ಕೆ. ಕುಲಕರ್ಣಿಯವರು ಧಾರವಾಡ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಆ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. 'ಸಾವಿನ ಉಡಿಯಲ್ಲಿ'ಯಂಥ ಕಾದಂಬರಿಯ ಜೊತೆಗೆ ಹಾಸ್ಯ, ಹರಟೆಗಳಲ್ಲಿ ಅವರ ಕೈ ಪಳಗಿತ್ತು. ಇನ್ನು ಜಿ.ಎ. ಕುಲಕರ್ಣಿಯವರ ವಿಷಯ ಬೇರೆ. ಗುರುನಾಥ ಆಬಾಜಿ ಕುಲಕರ್ಣಿ, 1923ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು, ಧಾರವಾಡದ ಜನತಾ ಶಿಕ್ಷಣ ಸಮಿತಿಯ ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದರು. 1959ರ 'ನಿಳಾಸಾವಳಾ'ದಿಂದ ಹಿಡಿದು ಅವರ ಮುಖ್ಯ ಸಂಕಲನಗಳೆಲ್ಲ ಅವರ ಧಾರವಾಡದ ವರ್ಷಗಳ ಫಲ. 'ಕಾಜಳಮಾಯಾ'ಕ್ಕೆ 1973ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಪ್ರಕಟವಾದ ಕಾಲದ ಬಗ್ಗೆ ತಾಂತ್ರಿಕ ಆಕ್ಷೇಪ ಎದ್ದಾಗ ಅದನ್ನು ಹಿಂದಿರುಗಿಸಿದರು. ಮನುಷ್ಯನ ಹಣೆಬರಹ, ಏಕಾಂತ, ಕ್ರೌರ್ಯಗಳನ್ನು ಅವರಷ್ಟು ನಿಷ್ಠುರವಾಗಿ ಶೋಧಿಸಿದ ಕಥೆಗಾರರು ಮರಾಠಿಯಲ್ಲಿ ವಿರಳ ಎಂಬುದು ಅಲ್ಲಿನ ವಿಮರ್ಶೆಯ ಮಾತು. ಒಂದೇ ಊರಿನಲ್ಲಿ, ಒಂದೇ ಅಡ್ಡಹೆಸರಿನ ಎನ್ಕೆ ಕನ್ನಡದಲ್ಲಿ, ಜೀಎ ಮರಾಠಿಯಲ್ಲಿ ಬರೆದರು. ಆಡುವ ಭಾಷೆ ಒಂದು, ದಫ್ತರದ ಭಾಷೆ ಇನ್ನೊಂದು ಎಂದು ಬದುಕಿದ ಮನೆತನಗಳಲ್ಲಿ ಎರಡೂ ದಾರಿ ತೆರೆದೇ ಇದ್ದವು. ಭಾಷಾವಾರು ಪ್ರಾಂತಗಳ ಜಗಳದ ಕಾವಿನಲ್ಲಿ ಧಾರವಾಡದ ಜೀಎ ನಮ್ಮ ಲೆಕ್ಕದಿಂದ ಹೊರಗುಳಿದರು; ಅವರನ್ನು ಊರಿನ ಸಾಹಿತ್ಯಚರಿತ್ರೆಯೊಳಗೆ ಸೇರಿಸಿ ಓದದಿದ್ದರೆ ನಷ್ಟ ನಮಗೇ.

ಈಗ ಹೆಸರು ಹಿಂದೆ ಸರಿದ ವಿಷಯಕ್ಕೆ ಬರೋಣ. ಹಳೆಯ ಮೈಸೂರಿನಲ್ಲಿ ಊರು, ತಂದೆಯ ಹೆಸರುಗಳು ಇನಿಷಿಯಲ್ ಆಗಿ ಮುಂದೆ ಬರುತ್ತವೆ. ಕರೆಯುವುದು ಸ್ವಂತ ಹೆಸರಿನಿಂದ. ಮುಂಬಯಿ ಪ್ರಾಂತದ ಪದ್ಧತಿಯಲ್ಲಿ ಮೊದಲು ತನ್ನ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ಶಾಲೆಯ ಹಾಜರಿ, ಕೋರ್ಟಿನ ಕಾಗದ, ಸರಕಾರಿ ನೌಕರಿ ಎಲ್ಲ ಕಡೆ ಗುರುತಾಗಿ ಉಳಿಯುವುದು ಅಡ್ಡಹೆಸರು. ಆದರೆ ಹುದ್ದೆಯಿಂದ ಬಂದ ಅಡ್ಡಹೆಸರು ಊರಿಗೊಂದು ಮನೆತನಕ್ಕೆ ಇದ್ದ ಮೇಲೆ ಅದು ಗುರುತಿನ ಕೆಲಸವನ್ನೇ ಮಾಡಲಾರದು. ಧಾರವಾಡದಂಥ, ನೂರಾರು ಹಳ್ಳಿಗಳ ಮಕ್ಕಳು ಬಂದು ನೆಲೆಸಿದ ಊರಿನಲ್ಲಿ ಬರೀ 'ಕುಲಕರ್ಣಿಯವರು' ಎಂದರೆ ಯಾರೂ ಅಲ್ಲ. ಆದ್ದರಿಂದ ಊರು ತನ್ನದೇ ಉಪಾಯ ಕಂಡುಕೊಂಡಿತು: ಇನಿಷಿಯಲ್ಲುಗಳೇ ಹೆಸರಾದವು. ಜೀಎ, ಎನ್ಕೆ ಹಾಗೆ ಆದವರು. ಕುಲಕರ್ಣಿಗಳ ಆಚೆಗೂ ಇದೇ ನಡೆಯಿತು. ಜೋಶಿ ಎಂಬುದೂ ಹಳ್ಳಿಯ ಹುದ್ದೆಯ ಹೆಸರು, ಪಂಚಾಂಗ ಹೇಳುವವನದು. 'ಕಣ್ಮರೆಯಾದ ಕನ್ನಡ', 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ' ಬರೆದ ಶಂಕರ ಬಾಳದೀಕ್ಷಿತ ಜೋಶಿಯವರು ಊರಿಗೆ ಶಂಬಾ. ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಕಟ್ಟಿ, 'ಜಡಭರತ' ಎಂಬ ಹೆಸರಿನಲ್ಲಿ 'ಮೂಕಬಲಿ', 'ಸತ್ತವರ ನೆರಳು' ನಾಟಕಗಳನ್ನು ಬರೆದ ಜಿ.ಬಿ. ಜೋಶಿಯವರು ಜೀಬಿ. ಹೋಲಿಸಿ ನೋಡಿದರೆ ಬೇಂದ್ರೆ, ಗೋಕಾಕ, ಕುರ್ತಕೋಟಿ, ಕಣವಿ, ಕಲಬುರ್ಗಿ ಮುಂತಾದವರು ಅಡ್ಡಹೆಸರಿನಿಂದಲೇ ಗುರುತಾದರು. ಅವುಗಳಲ್ಲಿ ಹೆಚ್ಚಿನವು ಊರು ಅಥವಾ ಮನೆತನದ ಹೆಸರುಗಳು. ಬರೆಯುವವರ ನಡುವೆ ಆ ಹೆಸರಿನ ಇನ್ನೊಬ್ಬರು ಅಪರೂಪ. ಹುದ್ದೆಯ ಹೆಸರು ಹೊತ್ತವರು ಮಾತ್ರ ಬೇರೆ ಹೆಸರು ಹುಡುಕಬೇಕಾಯಿತು.

ಇದಕ್ಕೆ ಎದುರಾಗಿ ಒಂದು ಗಟ್ಟಿ ಆಕ್ಷೇಪ ಇದೆ. ಕಾವ್ಯನಾಮ ಆ ಕಾಲದ ರೂಢಿ. ಬೇಂದ್ರೆಯವರು ಅಂಬಿಕಾತನಯದತ್ತ ಆದರು, ಗೋಕಾಕರು ವಿನಾಯಕ, ಮುಗಳಿಯವರು ರಸಿಕರಂಗ, ಬೆಟಗೇರಿ ಕೃಷ್ಣಶರ್ಮರು ಆನಂದಕಂದ. ಜಾಗೀರದಾರ ಎಂಬ ಅಷ್ಟೇನೂ ಸಾಮಾನ್ಯವಲ್ಲದ ಅಡ್ಡಹೆಸರಿನ ಆದ್ಯ ರಂಗಾಚಾರ್ಯರು ಶ್ರೀರಂಗರೇ ಆಗಿ ಉಳಿದರು. ಹಾಗಿದ್ದ ಮೇಲೆ ಕುಲಕರ್ಣಿಗಳ ಮಾತೇನು ವಿಶೇಷ? ಶ್ರೀರಂಗರ ಉದಾಹರಣೆ ನನ್ನ ವಾದಕ್ಕೆ ಒಗ್ಗುವುದಿಲ್ಲ, ಅದನ್ನು ಒಪ್ಪಿಯೇ ಮುಂದುವರಿಯಬೇಕು. ಆದರೆ ಉಳಿದವರಲ್ಲಿ ಕಾವ್ಯನಾಮ ಮೂಲ ಹೆಸರಿನ ಜೊತೆಗೆ ನಡೆಯಿತು, ಅದನ್ನು ತೆಗೆದುಹಾಕಲಿಲ್ಲ. ಅಂಬಿಕಾತನಯದತ್ತ ಎಂಬುದು ಕವಿಯ ಒಳಗಿನ ಇನ್ನೊಂದು ವ್ಯಕ್ತಿತ್ವ. ಓದುಗರಿಗೆ ಬೇಂದ್ರೆ ಬೇಂದ್ರೆಯೇ. ಗಳಗನಾಥ, ರಾವಬಹಾದ್ದೂರ ಎಂಬ ಹೆಸರುಗಳ ಹಿಂದೆ ಯಾರಿದ್ದರು ಎಂದು ಇವತ್ತಿನ ಓದುಗರನ್ನು ಕೇಳಿದರೆ ಹೆಚ್ಚಿನವರು ನಿಂತು ಯೋಚಿಸುತ್ತಾರೆ. ಇನ್ನು ಜೀಎ, ಎನ್ಕೆ, ಶಂಬಾ, ಜೀಬಿ ಎಂಬುವು ಕಾವ್ಯನಾಮಗಳೇ ಅಲ್ಲ. ಅಂಕಿತಕ್ಕಾಗಿ ಕಟ್ಟಿದ ಸಂಸ್ಕೃತದ ಸೊಗಸಾದ ಪದಗಳಲ್ಲ, ಹೆಸರಿನ ಮೊದಲ ಅಕ್ಷರಗಳು, ಅಷ್ಟೆ. ರೂಢಿಯ ವಾದ ಇವನ್ನು ವಿವರಿಸುವುದಿಲ್ಲ. ಅಡ್ಡಹೆಸರನ್ನು ಬಿಡದೆ ನಡೆದವರೂ ಇದ್ದಾರೆ. ಬೇಂದ್ರೆಯವರ ಗೆಳೆಯರ ಗುಂಪಿನ ಒಡನಾಡಿ ದ.ಬಾ. ಕುಲಕರ್ಣಿಯವರು ಹಾಗೆ. ಶಾಂತಿನಾಥ ದೇಸಾಯಿಯವರು ಹುದ್ದೆಯ ಹೆಸರನ್ನು ಇಟ್ಟುಕೊಂಡೇ 1961ರಲ್ಲಿ 'ಮುಕ್ತಿ'ಯಿಂದ ನವ್ಯ ಕಾದಂಬರಿಯ ದಾರಿ ತೆರೆದರು. ಅಲ್ಲಿ ಶಾಂತಿನಾಥ ಎಂಬ ಹೆಸರೇ ಗುರುತಿನ ಕೆಲಸ ಮಾಡಿತು. ನಾನು ಹೇಳುತ್ತಿರುವುದು ನಿಯಮವಲ್ಲ, ಒಲವು. ಆದರೆ ಆ ಒಲವು ಇಷ್ಟು ಮಂದಿಯಲ್ಲಿ ಕಾಣುವಾಗ ಅದಕ್ಕೊಂದು ಸಾಮಾಜಿಕ ಕಾರಣ ಇರಲೇಬೇಕು.

ಇನ್ನೊಂದು ಆಕ್ಷೇಪ ಇನ್ನೂ ತೂಕದ್ದು. ಕುಲಕರ್ಣಿ ವತನ ಬಹುಪಾಲು ಬ್ರಾಹ್ಮಣ ಮನೆತನಗಳಲ್ಲಿ ಇತ್ತು. ಹೀಗಿರುವಾಗ ಹುದ್ದೆಯ ಮಾತೆತ್ತಿ ಜಾತಿಯ ಮಾತನ್ನು ಮರೆಸುತ್ತಿದ್ದೀರಿ ಎಂದು ಯಾರಾದರೂ ಹೇಳಬಹುದು. ಮರೆಸುವಂತಿಲ್ಲ. ಊರಿನಲ್ಲಿ ಲೆಕ್ಕ ಬರೆಯುವ ಅಧಿಕಾರ ಒಂದು ಮನೆಗೆ ಸಿಕ್ಕಿತು ಎಂದರೆ, ಓದಲಾರದ ಉಳಿದೆಲ್ಲ ಮನೆಗಳು ಆ ಒಂದು ಮನೆಯ ಬರವಣಿಗೆಯನ್ನು ನಂಬಬೇಕಾಯಿತು ಎಂದೇ ಅರ್ಥ. ಕುಲಕರ್ಣಿಯ ಲೇಖಣಿಗೆ ಹಳ್ಳಿ ಅಂಜಿದ್ದರೆ ಅದಕ್ಕೆ ಕಾರಣವಿತ್ತು. ಆದರೆ ಬರೀ ಜಾತಿಯಿಂದ ಈ ಸಂಗತಿ ಬಿಡಿಸಿಕೊಳ್ಳುವುದಿಲ್ಲ ಎಂಬುದಕ್ಕೆ ಜೋಡಿಯ ಇನ್ನೊಬ್ಬನೇ ಸಾಕ್ಷಿ. ಪಾಟೀಲ ಎಂಬ ಹೆಸರು ಕುಲಕರ್ಣಿಯಷ್ಟೇ ವ್ಯಾಪಕ; ಈ ಸೀಮೆಯ ಗೌಡಕಿಗಳಲ್ಲಿ ಹೆಚ್ಚಿನವು ಲಿಂಗಾಯತ ಮನೆತನಗಳವು. ಊರಿನ ಅಧಿಕಾರ ಅವರದೇ ಆದರೂ ಲೇಖಣಿ ಅವರ ಕೈಯಲ್ಲಿ ಇರಲಿಲ್ಲ. ಅದು ಬರಲು ಬೇರೆ ಸಂಸ್ಥೆಗಳೇ ಹುಟ್ಟಬೇಕಾಯಿತು. ಧಾರವಾಡದ ಮುರುಘಾಮಠದ ಉಚಿತ ಪ್ರಸಾದನಿಲಯ, 1916ರಲ್ಲಿ ಬೆಳಗಾವಿಯಲ್ಲಿ ಶುರುವಾದ ಕೆ.ಎಲ್.ಇ. ಸಂಸ್ಥೆ, 1917ರ ಕರ್ನಾಟಕ ಕಾಲೇಜು, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ ಇವುಗಳಿಂದ ಹೊಸ ತಲೆಮಾರು ಹೊರಬಂತು. ಹಾವೇರಿ ಸೀಮೆಯ ಕುರಬಗೊಂಡದಿಂದ ಬಂದ ಪಾಟೀಲ ಪುಟ್ಟಪ್ಪನವರು ಹುಬ್ಬಳ್ಳಿಯಲ್ಲಿ 1954ರಲ್ಲಿ 'ಪ್ರಪಂಚ' ವಾರಪತ್ರಿಕೆಯನ್ನು, 1959ರಲ್ಲಿ 'ವಿಶ್ವವಾಣಿ' ದಿನಪತ್ರಿಕೆಯನ್ನು ಕಟ್ಟಿ ನಿಲ್ಲಿಸಿದರು. ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು 1964ರಲ್ಲಿ ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿಯವರ ಜೊತೆ 'ಸಂಕ್ರಮಣ' ಪತ್ರಿಕೆಯನ್ನು ಆರಂಭಿಸಿದರು. ಕರ್ನಾಟಕದ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಜಾರಿಗೆ ಬಂದು ಪಾಟೀಲಕಿ ಕೊನೆಗೊಂಡದ್ದು 1963ರ ಫೆಬ್ರವರಿ 1ರಂದು. ಗೌಡನ ಹುದ್ದೆ ಹೋಗುವ ಹೊತ್ತಿಗೆ ಗೌಡನ ಹೆಸರಿನವರು ಕವಿಗಳಾಗಿ, ನಾಟಕಕಾರರಾಗಿ, ಸಂಪಾದಕರಾಗಿ ನಿಂತಿದ್ದರು. ಅವರಿಗೂ ಅಡ್ಡಹೆಸರಿನದು ಅದೇ ಕಷ್ಟ, ಅದಕ್ಕೆ ಊರು ಕಂಡುಕೊಂಡದ್ದೂ ಅದೇ ಪರಿಹಾರ. ಒಬ್ಬರು ಪಾಪು ಆದರು, ಇನ್ನೊಬ್ಬರು ಚಂಪಾ. ಎರಡರಲ್ಲೂ ಪಾಟೀಲ ಎಂಬುದು ಒಂದಕ್ಷರವಾಗಿ ಕುಗ್ಗಿ ಉಳಿದಿದೆ.

ಇಷ್ಟು ಹೇಳಿದ ಮೇಲೂ ಈ ಸಾಲಿನಲ್ಲಿ ಒಂದು ದೊಡ್ಡ ಖಾಲಿ ಇದೆ. ವತನ ಗಂಡುಮಕ್ಕಳದು, ಅಡ್ಡಹೆಸರು ಕೂಡ ಮದುವೆಯ ದಿನ ಹೆಣ್ಣುಮಕ್ಕಳನ್ನು ಬಿಟ್ಟುಹೋಗುತ್ತದೆ. ಲೆಕ್ಕ ಬರೆಯುವ ಮನೆಯಲ್ಲಿ ಹುಟ್ಟಿ, ಅಕ್ಷರದ ವಾತಾವರಣದಲ್ಲಿ ಬೆಳೆದು, ಬೇರೆ ಹೆಸರಿನಲ್ಲಿ ಬರೆದ ಹೆಂಗಸರು ಎಷ್ಟು ಮಂದಿಯೋ, ಅವರ ಪುಸ್ತಕಗಳು ಗ್ರಂಥಾಲಯದ ಈ ಕಪಾಟಿಗೆ ಬರುವುದೇ ಇಲ್ಲ. ಎಲ್ಲರಿಗೂ ಗೊತ್ತಿರುವ ಉದಾಹರಣೆ ಸುಧಾ ಮೂರ್ತಿಯವರದು. ಶಿಗ್ಗಾವಿಯಲ್ಲಿ 1950ರಲ್ಲಿ ಹುಟ್ಟಿದ ಅವರು ವೈದ್ಯರಾದ ಆರ್.ಎಚ್. ಕುಲಕರ್ಣಿಯವರ ಮಗಳು, ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಯುವಾಗ ಸುಧಾ ಕುಲಕರ್ಣಿ. 'ಡಾಲರ್ ಸೊಸೆ', 'ಮಹಾಶ್ವೇತೆ' ಬರೆಯುವಾಗ ಮೂರ್ತಿ. ಗಳಗನಾಥರು ಮಾರಿದಷ್ಟು ದೂರಕ್ಕೂ ಮಿಗಿಲಾಗಿ, ಕನ್ನಡದಾಚೆ ಹಲವು ಭಾಷೆಗಳಿಗೆ ಹೋದ ಪುಸ್ತಕಗಳು ಅವರವು. ಗಂಡು ಲೇಖಕರು ತಮ್ಮ ಹೆಸರನ್ನು ತಾವಾಗಿ ಬಿಟ್ಟರು ಅಥವಾ ಊರು ಅವರಿಂದ ಪ್ರೀತಿಯಿಂದ ಬಿಡಿಸಿತು. ಹೆಣ್ಣುಮಕ್ಕಳಿಗೆ ಆ ಆಯ್ಕೆ ಇರಲಿಲ್ಲ. ಧಾರವಾಡದ ಕುಲಕರ್ಣಿಗಳ ಪುಸ್ತಕಗಳ ಪಟ್ಟಿಯನ್ನು ಯಾರಾದರೂ ನಿಜವಾಗಿ ಮಾಡುವುದಾದರೆ ಮುಖಪುಟದ ಹೆಸರುಗಳನ್ನು ನಂಬದೆ, ತವರುಮನೆಗಳ ಕಡೆಯಿಂದ ಶುರುಮಾಡಬೇಕು.